ಅಶ್ವತ್ಥನಾರಾಯಣರಾಯರ ಹೌಸ್‌ಫ್ರೀಡನ್ಸ್‌ಬ್ರುಖ್

ಅಶ್ವತ್ಥನಾರಾಯಣರಾಯರು ತಮ್ಮ ಐವತ್ತಾರು ವರ್ಷಗಳ ಜೀವಮಾನದ ಏಕೈಕ ಅಪರಾಧವನ್ನು ರೇಷ್ಮೆ ಪಂಚೆ ಉಟ್ಟು, ಕೈಯಲ್ಲಿ ತೆಂಗಿನಕಾಯಿಯ ತಟ್ಟೆ ಹಿಡಿದು, ಒಂದು ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಮಾಡಿದರು. ವೇಳೆ ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣ, ಅವರೇ ಅದನ್ನು ಆಮೇಲೆ ಬರೆದಿಟ್ಟರು.

ಬರೆದಿಡುವುದು ಅವರ ವೃತ್ತಿ. ಸಿಯಾಟಲ್ ನಗರದ ಸೌತ್ ಲೇಕ್ ಯೂನಿಯನ್ ಬಡಾವಣೆಯ ಒಂದು ಔಷಧ ಪ್ರಯೋಗಾಲಯದಲ್ಲಿ ಅವರು ಗುಣಮಟ್ಟ ಪರೀಕ್ಷಕರು. ಅಲ್ಲಿ ದಾಖಲೆ ಪುಸ್ತಕದಲ್ಲಿ ಒಮ್ಮೆ ಬರೆದದ್ದನ್ನು ಅಳಿಸುವಂತಿಲ್ಲ. ತಪ್ಪಾಗಿದ್ದರೆ ಅದರ ಮೇಲೆ ಒಂದೇ ಗೆರೆ ಎಳೆದು, ತಪ್ಪನ್ನು ಎಲ್ಲರಿಗೂ ಕಾಣುವಂತೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಣ್ಣ ರುಜು ಮತ್ತು ತಾರೀಖು ಹಾಕಬೇಕು. ಇಪ್ಪತ್ತೆರಡು ವರ್ಷ ಹೀಗೆ ಮಾಡಿ ಮಾಡಿ ರಾಯರಿಗೆ ಮನೆಯಲ್ಲೂ ಅದೇ ಅಭ್ಯಾಸವಾಗಿತ್ತು. ದಿನಸಿ ಚೀಟಿಯಲ್ಲಿ ತೊಗರಿಬೇಳೆ ಹೊಡೆದು ಕಡಲೆಬೇಳೆ ಬರೆದರೂ ಪಕ್ಕದಲ್ಲಿ ‘ಅ.ನಾ.’ ಎಂದು ರುಜು ಇರುತ್ತಿತ್ತು.

ಇದರ ಜೊತೆಗೆ ಅವರಿಗೆ ಒಂದು ಸಣ್ಣ ಜಂಬವೂ ಇತ್ತು, ತಮಗೆ ಜರ್ಮನ್ ಬರುತ್ತದೆ ಎಂಬುದು. ಮೈಸೂರಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮಾಡುವಾಗ ಹಳೆಯ ಸಂಶೋಧನಾ ಪತ್ರಿಕೆಗಳನ್ನು ಓದಲೆಂದು ಆರು ತಿಂಗಳು ಕಲಿತಿದ್ದರು. ಆಮ್ಲ, ಕ್ಷಾರ, ಕುದಿಬಿಂದು ಇವುಗಳ ಬಗ್ಗೆ ಜರ್ಮನ್ನಿನಲ್ಲಿ ಧಾರಾಳವಾಗಿ ಮಾತಾಡಬಲ್ಲರು. ಊಟ ಆಯಿತೇ ಎಂದು ಕೇಳಲು ಬರುತ್ತಿರಲಿಲ್ಲ.

ಅಪರಾಧ ನಡೆದ ಹೊತ್ತಾದರೂ ಎಂಥದ್ದು. ಗ್ರೀನ್ ಕಾರ್ಡಿನ ಸರದಿಯಲ್ಲಿ ಹದಿನೇಳು ವರ್ಷ, ಅದು ಬಂದ ಮೇಲೆ ಇನ್ನೈದು ವರ್ಷ ಕಾದು, ಕೊನೆಗೂ ರಾಯರಿಗೂ ಅವರ ಹೆಂಡತಿ ವಸಂತಲಕ್ಷ್ಮಿಗೂ ಅಮೆರಿಕದ ಪೌರತ್ವದ ಸಂದರ್ಶನ ನಿಗದಿಯಾಗಿತ್ತು. ಇಬ್ಬರಿಗೂ ಒಂದೇ ದಿನ. ಆ ಬುಧವಾರಕ್ಕೆ ಇನ್ನು ಹನ್ನೊಂದು ದಿನ ಉಳಿದಿತ್ತು.

ಶನಿವಾರ ಗೆಳೆಯ ಬದರಿನಾಥ ಸ್ನೊಕ್ವಾಲ್ಮಿಯ ಹೊಸ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡಿದ್ದ. ವಸಂತಲಕ್ಷ್ಮಿ ಪ್ರಸಾದದ ಸಜ್ಜಿಗೆಗೆ ಕೈಜೋಡಿಸಲು ಮಗಳು ಭಾವನಾಳನ್ನು ಕರೆದುಕೊಂಡು ಬೆಳಿಗ್ಗೆಯೇ ಹೋಗಿದ್ದರು. ರಾಯರು ಕ್ರಾಸ್‌ರೋಡ್ಸಿನ ತಮ್ಮ ಮನೆಯಿಂದ ತಡವಾಗಿ ಹೊರಟರು. ಗುಡ್ಡದ ಮೇಲಿನ ಬದರಿನಾಥನ ಬಡಾವಣೆಯಲ್ಲಿ ಮನೆಗಳೆಲ್ಲ ಒಂದೇ ಅಚ್ಚಿನವು, ಒಂದೇ ಬೂದು ಬಣ್ಣದವು. ದಾರಿಯಲ್ಲಿ ಫೋನ್ ಮಾಡಿ ಮನೆ ನಂಬರ್ ಕೇಳಿದರೆ ಬದರಿನಾಥ ಗಡಿಬಿಡಿಯಲ್ಲಿದ್ದ. “ಆ ರೋಡಿಗೆ ಬನ್ನಿ ಸಾರ್, ಚಪ್ಪಲಿ ನೋಡ್ಕೊಂಡು ಒಳಗ್ ಬಂದ್ಬಿಡಿ. ಬೆಲ್ ಮಾಡ್ಬೇಡಿ, ಪೂಜೆ ನಡೀತಿರತ್ತೆ” ಎಂದು ಇಟ್ಟುಬಿಟ್ಟ.

ಹೊರಗಿನವರಿಗೆ ಇದು ವಿಳಾಸವೆನಿಸದಿರಬಹುದು. ಆದರೆ ಸಿಯಾಟಲ್ ಸುತ್ತಮುತ್ತಲಿನ ನಮ್ಮವರು ಹೀಗೆಯೇ ಮನೆ ಹುಡುಕುವುದು. ಫೋನಿನ ನಕ್ಷೆ ಬೀದಿಯ ತುದಿಯವರೆಗೆ ತಂದು ಬಿಡುತ್ತದೆ. ಅಲ್ಲಿಂದ ಮುಂದಕ್ಕೆ, ಯಾವ ಬಾಗಿಲ ಮುಂದೆ ಹತ್ತು ಜೊತೆಗಿಂತ ಹೆಚ್ಚು ಪಾದರಕ್ಷೆ ಬಿದ್ದಿದೆಯೋ ಅದೇ ಮನೆ. ಈ ವಿಧಾನ ತಪ್ಪಿದ್ದನ್ನು ಯಾರೂ ಹೇಳಿದ್ದಿಲ್ಲ.

ಅಂದು ಜಿನುಗುಮಳೆ. ಚಪ್ಪಲಿಗಳು ನೆನೆಯಬಾರದೆಂದು ಬದರಿನಾಥ ಎಲ್ಲವನ್ನೂ ಗ್ಯಾರೇಜಿನೊಳಗೆ ಇಡಿಸಿದ್ದ. ಎದುರುಮನೆಯ ಜಗುಲಿಯ ಮೇಲೆ ಮಾತ್ರ ಕೆಸರು ಮೆತ್ತಿದ ಬೂಟುಗಳ ರಾಶಿ ಬಿದ್ದಿತ್ತು. ಬೂಟುಗಳೇ ಯಾಕೆ ಎಂಬ ಪ್ರಶ್ನೆ ರಾಯರಿಗೂ ಬಂತು. ಈಗಿನ ಸಾಫ್ಟ್‌ವೇರ್‌ನವರು ಪೂಜೆಗೂ ಬೆಟ್ಟ ಹತ್ತಿಯೇ ಬರುತ್ತಾರೆ ಎಂದು ಸಮಾಧಾನ ಹೇಳಿಕೊಂಡು, ತಮ್ಮ ಚಪ್ಪಲಿಯನ್ನೂ ಅಲ್ಲೇ ಬಿಟ್ಟು, ಬಾಗಿಲು ತಳ್ಳಿ ಒಳಗೆ ಹೋದರು. ಒಳಗಿನ ಬಿಸಿಗೆ ಕನ್ನಡಕದ ಮೇಲೆ ಹಬೆ ಕೂತು ಕಣ್ಣು ಮಂಜಾಯಿತು. ಕೋಣೆಯ ನಡುವೆ ಒಂದಷ್ಟು ಜನ ಸುತ್ತ ಕೂತಿದ್ದಂತೆ ಕಂಡಿತು. ಬಿಳಿ ಗಡ್ಡದವರೊಬ್ಬರು ಹಾಳೆ ಹಿಡಿದು ಏಕಸ್ವರದಲ್ಲಿ ಇಂಗ್ಲಿಷ್ ಓದುತ್ತಿದ್ದರು. ಮಕ್ಕಳಿಗೆ ಅರ್ಥವಾಗಲೆಂದು ಈ ಸಲ ಕಥೆಯನ್ನು ಇಂಗ್ಲಿಷಿನಲ್ಲೇ ಓದಿಸುತ್ತೇನೆ ಎಂದು ಬದರಿನಾಥ ಹೇಳಿದ್ದು ನೆನಪಾಗಿ ರಾಯರು ಮೆಚ್ಚಿಕೊಂಡರು. ತೆಂಗಿನಕಾಯಿಯ ತಟ್ಟೆಯನ್ನು ನಡುವಿನ ಮೇಜಿನ ಮೇಲಿಟ್ಟು, ಕೈಮುಗಿದು, ನೆಲದ ಮೇಲೆ ಪದ್ಮಾಸನ ಹಾಕಿ ಕಣ್ಣು ಮುಚ್ಚಿದರು.

ಕಥೆ ಚೆನ್ನಾಗಿಯೇ ಸಾಗಿತು. ಪ್ರತಿ ಅಧ್ಯಾಯದ ಕೊನೆಗೆ ಎಲ್ಲರೂ “ಐ” ಎಂದು ದನಿಗೂಡಿಸುತ್ತಿದ್ದರು. ರಾಯರೂ ಭಕ್ತಿಯಿಂದ “ಐ” ಎಂದರು. ಒಂದು ಅಧ್ಯಾಯದಲ್ಲಿ ಕರಡಿಗಳು ಬಂದವು, ಕಸದ ಡಬ್ಬಿಗಳು ಬಂದವು. ಸಾಧು ವೈಶ್ಯನ ಹಡಗು ಎಲ್ಲಿ ಹೋಯಿತು ಎಂದು ರಾಯರು ಯೋಚಿಸುತ್ತಿರುವಾಗಲೇ ಗಡ್ಡದವರು “ಎಲ್ಲರೂ ಕೈ ಎತ್ತಿ” ಎಂದರು. ತೀರ್ಥ ಬಂತೆಂದು ರಾಯರು ಎಡಗೈ ಮೇಲೆ ಬಲಗೈ ಇಟ್ಟು ಮುಂದಕ್ಕೆ ಚಾಚಿದರು.

ತೀರ್ಥ ಬೀಳಲಿಲ್ಲ. ಯಾರೋ ಎಣಿಸುವುದು ಕೇಳಿಸಿತು. ಮತ್ತೆ ಮೊದಲಿನಿಂದ ಎಣಿಸುವುದು ಕೇಳಿಸಿತು. ಕಣ್ಣು ಬಿಟ್ಟರೆ ಹಬೆ ಆರಿತ್ತು. ಅದು ಬಡಾವಣೆಯ ನಿವಾಸಿಗಳ ಸಂಘದ ಕಾರ್ಯಕಾರಿ ಸಮಿತಿ. ಬೆಳಿಗ್ಗೆ ಒಟ್ಟಿಗೆ ಚಾರಣ ಮುಗಿಸಿ, ಕರಡಿಗಳಿಂದ ಕಸದ ಡಬ್ಬಿಗಳನ್ನು ಕಾಪಾಡುವ ಬಗ್ಗೆ ಮತ ಹಾಕುತ್ತಿತ್ತು. ಆ ‘ಐ’ ಎಂದರೆ ‘ನನ್ನ ಒಪ್ಪಿಗೆ ಇದೆ’. ಸದಸ್ಯರು ಏಳು ಜನ, ಕೈಗಳು ಎಂಟು. ಎಂಟನೆಯದು ಅಂಗೈ ಮೇಲಾಗಿ ಇತ್ತು.

ಎಣಿಸುತ್ತಿದ್ದವರು ಮನೆಯೊಡತಿ, ಸಂಘದ ಅಧ್ಯಕ್ಷೆ ಶ್ರೀಮತಿ ಕ್ರೂಗರ್. ಎಪ್ಪತ್ತು ದಾಟಿದ ನೀಳ ಹೆಂಗಸು. ಜರ್ಮನಿಯ ಒಂದು ನ್ಯಾಯಾಲಯದಲ್ಲಿ ಮೂವತ್ತು ವರ್ಷ ನ್ಯಾಯಾಧೀಶೆಯಾಗಿದ್ದು, ಈಗ ಮಗನ ಊರೆಂದು ಇಲ್ಲಿ ನೆಲೆಸಿದ್ದವರು. ಅವರು ರಾಯರನ್ನೂ ತೆಂಗಿನಕಾಯಿಯನ್ನೂ ನೋಡಿ, ತಮ್ಮಷ್ಟಕ್ಕೆ ಒಂದೇ ಪದ ಹೇಳಿಕೊಂಡರು.

“ಹೌಸ್‌ಫ್ರೀಡನ್ಸ್‌ಬ್ರುಖ್.”

ಬೇರೆ ಯಾರಾದರೂ ಆಗಿದ್ದರೆ ಕ್ಷಮೆ ಕೇಳಿ ಚಪ್ಪಲಿ ಮೆಟ್ಟಿ ಓಡುತ್ತಿದ್ದರು. ರಾಯರು ಎದ್ದು ನಿಂತು, ದಯವಿಟ್ಟು ಇನ್ನೊಮ್ಮೆ ಹೇಳುತ್ತೀರಾ ಎಂದು ಕೇಳಿದರು.

ಆಕೆ ಹೇಳಿದರು. ರಾಯರ ಮೈ ಜುಮ್ಮೆಂದಿತು. ಹೌಸ್ ಎಂದರೆ ಮನೆ, ಅದು ಯಾರಿಗಾದರೂ ಗೊತ್ತು. ಬ್ರುಖ್ ಅವರ ಹಳೆಯ ಗೆಳೆಯ. ದ್ರಾವಣಗಳ ಲೆಕ್ಕದಲ್ಲಿ ಬರುವ ಮೋಲ್ ಭಿನ್ನರಾಶಿಗೆ ಜರ್ಮನ್ನಿನಲ್ಲಿ ಮೋಲನ್‌ಬ್ರುಖ್ ಎನ್ನುತ್ತಾರೆ. ಬ್ರುಖ್ ಎಂದರೆ ಒಡೆದದ್ದು, ಮುರಿದದ್ದು. ನಡುವಿನ ಫ್ರೀಡೆ ಮಾತ್ರ ತಿಳಿಯದು. ಶಾಂತಿ, ನೆಮ್ಮದಿ ಎಂದು ಆಕೆ ಹೇಳಿಕೊಟ್ಟರು. ಮನೆಯ ನೆಮ್ಮದಿಯನ್ನು ಮುರಿಯುವುದು, ಅಂದರೆ ಇನ್ನೊಬ್ಬರ ಮನೆಗೆ ಅತಿಕ್ರಮವಾಗಿ ನುಗ್ಗುವ ಅಪರಾಧ. ಅವರ ದಂಡಸಂಹಿತೆಯಲ್ಲಿ ಇದಕ್ಕೆ ಒಂದು ವರ್ಷದ ತನಕ ಸಜೆ. ಸಜೆಯ ಮಾತು ರಾಯರ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಇದು ಪದವಲ್ಲ, ಸಂಯುಕ್ತ ವಸ್ತು, ಮೂರು ಅಣುಗುಂಪುಗಳನ್ನು ಒಂದಕ್ಕೊಂದು ಬಂಧಿಸಿದ್ದಾರೆ ಎಂದು ಅವರು ಸಮಿತಿಯ ಏಳೂ ಸದಸ್ಯರಿಗೆ ತಮ್ಮ ತಟ್ಟೆಯಲ್ಲಿದ್ದ ಬಾಳೆಹಣ್ಣುಗಳನ್ನು ಜೋಡಿಸಿ ವಿವರಿಸಿದರು. ಯಾರೋ ಕೇಕ್ ಕೊಟ್ಟರು, ತಿಂದರು. ಇಪ್ಪತ್ತು ನಿಮಿಷ ಕಳೆದ ಮೇಲೆ ಗಡ್ಡದವರು ಕರಡಿಯ ವಿಷಯ ಇನ್ನೂ ಬಾಕಿ ಇದೆ ಎಂದು ವಿನಯದಿಂದ ನೆನಪಿಸಿದ್ದರಿಂದ ಹೊರಟರು.

ಎದುರುಮನೆಯಲ್ಲಿ ನಿಜವಾದ ಕಥೆ ಕೊನೆಯ ಅಧ್ಯಾಯಕ್ಕೆ ಬಂದಿತ್ತು. ರಾಯರು ಒಳಗೆ ಬಂದವರೇ ತಮಗಾದದ್ದನ್ನೆಲ್ಲ ಪುರೋಹಿತರ ದನಿಗಿಂತ ಒಂದು ಸ್ವರ ಮೇಲೆ ಹೇಳಿದರು. ಜನ ಮಂತ್ರಾಕ್ಷತೆ ಹಿಡಿದುಕೊಂಡೇ ಇತ್ತ ತಿರುಗಿದರು. “ಬಾಯ್ಮುಚ್ಕೊಂಡು ಆರತಿ ತಗೊಳ್ಳಿ” ಎಂದರು ವಸಂತಲಕ್ಷ್ಮಿ.

ಆದರೆ ಅಲ್ಲಿ ಬದರಿನಾಥನ ತಂದೆ ಸುಬ್ಬಣ್ಣನವರಿದ್ದರು. ಮದ್ದೂರಿನ ಕಡೆಯ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾಗಿ, ಆರು ತಿಂಗಳ ಮಟ್ಟಿಗೆ ಮಗನ ಮನೆಗೆ ಬಂದಿದ್ದವರು. ಇಲ್ಲಿಗೆ ಬಂದ ಮೇಲೆ ಯಾರೂ ಅವರನ್ನು ಒಂದು ಕಾನೂನಿನ ಪ್ರಶ್ನೆಯನ್ನೂ ಕೇಳಿರಲಿಲ್ಲ. ಅವರ ಮುಖ ಅರಳಿತು.

“ನಾನೂರ ನಲವತ್ತೆಂಟು” ಎಂದರು ಸುಬ್ಬಣ್ಣ. “ಗೃಹ ಅತಿಕ್ರಮ ಪ್ರವೇಶ. ನಮ್ಮಲ್ಲೂ ಒಂದೇ ವರ್ಷ. ನೋಡ್ರಿ, ಎಲ್ಲಾ ದೇಶ್ದಲ್ಲೂ ರೇಟು ಒಂದೇ ಐತೆ.”

ಸೆಕ್ಷನ್ನುಗಳ ಪೈಕಿ ಸುಬ್ಬಣ್ಣನವರಿಗೆ ಶಿಕ್ಷೆಯ ಭಾಗ ಮಾತ್ರ ನೆನಪಿರುತ್ತಿತ್ತು. ಯಾವಾಗ ಶಿಕ್ಷೆ ಆಗುವುದಿಲ್ಲ ಎಂಬುದನ್ನು ವಕೀಲರು ನೋಡಿಕೊಳ್ಳುತ್ತಿದ್ದರು. ಬದರಿನಾಥ, ಸಾರ್ ಸಂದರ್ಶನ ಯಾವತ್ತು ಎಂದು ಮೆಲ್ಲಗೆ ಕೇಳಿದ. ವಸಂತಲಕ್ಷ್ಮಿಯ ಕೈಯಲ್ಲಿದ್ದ ಸಜ್ಜಿಗೆಯ ಸೌಟು ಅಲ್ಲೇ ನಿಂತಿತು.

ಪೌರತ್ವದ ಅರ್ಜಿಯಲ್ಲಿ ಒಂದು ಪ್ರಶ್ನೆಯಿದೆ. ಬಂಧನವಾಗದಿದ್ದರೂ ಚಿಂತೆಯಿಲ್ಲ, ನೀವು ಎಂದಾದರೂ ಯಾವುದಾದರೂ ಅಪರಾಧ ಮಾಡಿದ್ದೀರಾ? ಇನ್ನೊಂದು ಪ್ರಶ್ನೆ, ಪೌರರಲ್ಲದ ನೀವು ಇಲ್ಲಿ ಎಂದಾದರೂ ಮತ ಹಾಕಿದ್ದೀರಾ? ರಾಯರು ತಿಂಗಳುಗಳ ಹಿಂದೆಯೇ ಎರಡಕ್ಕೂ ‘ಇಲ್ಲ’ ಎಂದು ಬರೆದು ಕಳಿಸಿದ್ದರು. ಭಾನುವಾರ ಬೆಳಿಗ್ಗೆ ವಸಂತಲಕ್ಷ್ಮಿ ನೋಡುತ್ತಾರೆ, ಅರ್ಜಿಯ ಪ್ರತಿಯಲ್ಲಿ ಎರಡೂ ‘ಇಲ್ಲ’ಗಳ ಮೇಲೆ ಒಂದೊಂದು ಗೆರೆ, ಪಕ್ಕದಲ್ಲಿ ‘ಹೌದು’, ಅದರ ಪಕ್ಕದಲ್ಲಿ ಅ.ನಾ., ತಾರೀಖು.

ಅಂದಿನಿಂದ ಮನೆಯಲ್ಲಿ ಎರಡು ಬಗೆಯ ಜ್ವರ. ವಸಂತಲಕ್ಷ್ಮಿಗೆ ಭಯದ್ದು, ರಾಯರಿಗೆ ಪದದ್ದು. ಅವರು ಗ್ರಂಥಾಲಯದಿಂದ ಪುಸ್ತಕ ತಂದರು, ಊಟದ ಮೇಜಿನ ಮೇಲೆ ಹರಡಿದರು, ಮಂಗಳವಾರ ಉಪ್ಪಿಟ್ಟು ತಿನ್ನುತ್ತಿದ್ದವರು ಚಮಚ ಕೆಳಗಿಟ್ಟು ಎದ್ದು ನಿಂತರು. ಫ್ರೀಡೆಯ ಬೇರು ಸಿಕ್ಕಿತ್ತು. ಅದು ನಮ್ಮ ‘ಪ್ರಿಯ’, ನಮ್ಮ ‘ಪ್ರೀತಿ’. ಹಳಗನ್ನಡದ ಪಾಲು ಹಾಲಾದಂತೆ, ಪೂ ಹೂವಾದಂತೆ, ಆ ಕಡೆಯವರ ಬಾಯಲ್ಲಿ ಮೊದಲಿನ ಪಕಾರ ಫಕಾರವಾಗಿದೆ. ನಮ್ಮ ಪಿತೃ ಅವರಿಗೆ ಫಾದರ್ ಆದದ್ದೂ ಹೀಗೆಯೇ. ಫ್ರೀಡೆ ಎಂದರೆ ಮೊದಲು ನಮ್ಮವರ ನಡುವಿನ ಅಕ್ಕರೆ. ಶಾಂತಿ ಎಂಬ ಅರ್ಥ ಆಮೇಲಿನದು. ಇಂಗ್ಲಿಷಿನ ಫ್ರೆಂಡು, ಫ್ರೀ ಎರಡೂ ಅದೇ ಮನೆತನದವು. ಅಂದಮೇಲೆ ತಾವು ಮಾಡಿದ್ದು ಬರೀ ಅತಿಕ್ರಮವಲ್ಲ, ಮನೆಯ ಪ್ರೀತಿಯ ಭಂಗ. ಹೌಸ್ ಎಂಬುದರ ಬೇರು ಇನ್ನೂ ನಿಶ್ಚಿತವಾಗಿಲ್ಲ, ಆ ಬಗ್ಗೆ ಈಗಲೇ ಏನೂ ಹೇಳುವಂತಿಲ್ಲ ಎಂದು ಅವರು ಗಂಭೀರವಾಗಿ ಸೇರಿಸಿದರು.

“ಅಪ್ಪಾ, ದಟ್ಸ್ ಆ್ಯಕ್ಚುಯಲಿ ಕೂಲ್” ಎಂದಳು ಭಾವನಾ. “ಬಟ್ ಪ್ಲೀಸ್, ಜಸ್ಟ್ ಸೇ ನೋ.”

“ಹೇಗಮ್ಮಾ ಹೇಳೋದು? ರೀಡಿಂಗ್ ಚೇಂಜ್ ಆಗಿದೆ.”

ವಸಂತಲಕ್ಷ್ಮಿ ಅಳಲಿಲ್ಲ, ಉಪ್ಪಿಟ್ಟಿನ ತಟ್ಟೆ ಎತ್ತಿಕೊಂಡು ಹೋದರು. ಇಪ್ಪತ್ತೆರಡು ವರ್ಷ ನಾನೂ ಕಾದಿದೀನಿ, ನಿಮ್ಮ ಜೊತೇಲಿ ನನ್ ಹೆಸರೂ ಹೋದ್ರೆ ಆ ಜರ್ಮನ್ ಪದ ಬಂದು ಬಿಡಿಸತ್ತಾ ಎಂದು ಅಡುಗೆಮನೆಯಿಂದ ಕೇಳಿದರು. ರಾಯರು ಪುಸ್ತಕಗಳನ್ನು ಊಟದ ಮೇಜಿನಿಂದ ಎತ್ತಿಟ್ಟರು.

ದಾರಿ ತೋರಿಸಿದವರು ಸುಬ್ಬಣ್ಣ. ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದ ಅವರು, ಇಂಥ ಕೇಸುಗಳಿಗೆ ಒಂದೇ ಮದ್ದು ರಾಜಿ, ಆ ಯಮ್ಮನ ಹತ್ರ ರಾಜಿ ಪತ್ರ ಬರೆಸಿಕೊಳ್ಳಿ ಎಂದರು. ಮುಂದಿನ ಭಾನುವಾರ ರಾಯರೂ ಅವರೂ ಶ್ರೀಮತಿ ಕ್ರೂಗರ್ ಮನೆಗೆ ಹೋದರು. ಸುಬ್ಬಣ್ಣ ಊರಿಂದ ತಂದಿದ್ದ ಕಪ್ಪು ಕೋಟು ಹಾಕಿದ್ದರು. ಈ ಸಲ ರಾಯರು ಬೆಲ್ ಒತ್ತಿ, ಬಾಗಿಲಿನಿಂದ ಆರಡಿ ದೂರ ನಿಂತರು.

ಆಕೆ ವಿಷಯವನ್ನು ಪೂರ್ತಿ ಕೇಳಿದರು. ನಮ್ಮ ಕಾನೂನಿನಲ್ಲಿ ಇದು ಮನೆಯವರು ದೂರು ಕೊಟ್ಟರೆ ಮಾತ್ರ ವಿಚಾರಣೆಗೆ ಬರುವ ಅಪರಾಧ, ದೂರು ಕೊಡಲು ಮೂರು ತಿಂಗಳು ಅವಕಾಶವಿದೆ, ಅದರಲ್ಲಿ ಎಂಟು ದಿನವಷ್ಟೇ ಕಳೆದಿದೆ ಎಂದು ಶಾಂತವಾಗಿ ಹೇಳಿದರು. ರಾಯರು ಅದನ್ನು ಬರೆದುಕೊಂಡರು. ಸುಬ್ಬಣ್ಣನವರ ಬೆನ್ನು ನೆಟ್ಟಗಾಯಿತು. ತಮ್ಮ ಜಾತಿಯ ಪ್ರಾಣಿಯನ್ನು ಅವರು ಏಳು ಸಮುದ್ರದಾಚೆ ಕಂಡಿದ್ದರು.

ಪತ್ರ ಬರೆಯಲು ಆಕೆಯ ಅಭ್ಯಂತರವಿರಲಿಲ್ಲ. ಆದರೆ ರಾಯರು ಸುಮ್ಮನಿರದೆ ಪ್ರೀತಿಯ ವಿಷಯ ತೆಗೆದರು. ಆಕೆ ಪೆನ್ನು ಕೆಳಗಿಟ್ಟರು. ಮೂವತ್ತು ವರ್ಷ ಆ ಪದದಡಿ ಜನರನ್ನು ವಿಚಾರಿಸಿದ್ದೇನೆ, ಕುಡುಕರು, ಬಾಡಿಗೆ ಮನೆ ಬಿಟ್ಟು ಹೋಗದವರು, ವಿಚ್ಛೇದಿತ ಗಂಡಂದಿರು, ಅದರಲ್ಲಿ ಪ್ರೀತಿ ನನಗೆ ಎಲ್ಲೂ ಕಂಡಿಲ್ಲ ಎಂದರು. ರಾಯರು ಪಕಾರ ಫಕಾರಗಳನ್ನು ಮೇಜಿನ ಮೇಲೆ ಬೆರಳಿಂದ ಬರೆದು ತೋರಿಸಿದರು. ಸಾಕ್ಷ್ಯ ಬೇಕು ಎಂದರು ಆಕೆ. ಒಳಗಿನಿಂದ ಇಟ್ಟಿಗೆಯಷ್ಟು ದಪ್ಪದ ಪದಮೂಲಕೋಶ ಬಂತು. ಮೂವರೂ ತಲೆ ಬಗ್ಗಿಸಿದರು. ಜರ್ಮನ್ ಒಂದಕ್ಷರ ಬರದ ಸುಬ್ಬಣ್ಣನವರೂ ಬಗ್ಗಿಸಿದರು.

ಆಕೆ ಓದಿದರು, ಮತ್ತೆ ಓದಿದರು. ಕನ್ನಡಕ ತೆಗೆದರು. ಪುಟದ ಮಧ್ಯದಲ್ಲಿ, ಓರೆ ಅಕ್ಷರಗಳಲ್ಲಿ, ಸಂಸ್ಕೃತದ ‘ಪ್ರಿಯ’ ಕೂತಿತ್ತು.

“ಮೂವತ್ತು ವರ್ಷ” ಎಂದರು ಆಕೆ. “ಒಮ್ಮೆಯೂ ತೆಗೆದು ನೋಡಲಿಲ್ಲ.”

ಆಮೇಲೆ ಬರೆದ ಪತ್ರ ಒಂದೇ ವಾಕ್ಯದ್ದು, ಹನ್ನೊಂದು ಸಾಲಿನದು. ಇಂಥ ದಿನ ಇಂಥ ವೇಳೆಗೆ ತೆಂಗಿನಕಾಯಿಯೊಂದಿಗೆ ನನ್ನ ಮನೆಯನ್ನು ಪ್ರವೇಶಿಸಿದ ಈ ವ್ಯಕ್ತಿಯಿಂದ, ಫ್ರೀಡೆ ಎಂಬ ಪದವನ್ನು ಈಗಿನ ಅರ್ಥದಲ್ಲಿ ತೆಗೆದುಕೊಂಡರೂ ಮೂಲಾರ್ಥದಲ್ಲಿ ತೆಗೆದುಕೊಂಡರೂ, ನನ್ನ ಮನೆಗೆ ಯಾವ ಭಂಗವೂ ಉಂಟಾಗಿರುವುದಿಲ್ಲವೆಂದು ದೃಢೀಕರಿಸುತ್ತೇನೆ ಎಂಬುದು ಅದರ ಸಾರ. ಸುಬ್ಬಣ್ಣ ಸಾಕ್ಷಿಯಾಗಿ ಕನ್ನಡದಲ್ಲಿ ರುಜು ಹಾಕಿದರು.

ಬುಧವಾರ ಬಂತು. ಕಚೇರಿಯ ಕಾಯುವ ಕೋಣೆಯಲ್ಲಿ ವಸಂತಲಕ್ಷ್ಮಿ ಗಂಡನ ತೋಳು ಹಿಡಿದು ಕೊನೆಯ ಪಾಠ ಹೇಳಿದರು. “ಕೇಳಿದ್ದಕ್ಕೆ ಮಾತ್ರ ಹೇಳಿ. ಒಂದೇ ಪದದಲ್ಲಿ ಹೇಳಿ. ಆ ಪದದಲ್ಲಿ ಹೇಳ್ಬೇಡಿ.”

ಅಧಿಕಾರಿ ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಮಿಸ್ ರೊಸಾರಿಯೊ. ಸತ್ಯವನ್ನೇ ಹೇಳುತ್ತೇನೆಂದು ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿ, ಪ್ರಶ್ನೆಗಳನ್ನು ಸರಸರ ಓದಿಕೊಂಡು ಹೋದಳು. ಇಪ್ಪತ್ತು ‘ಇಲ್ಲ’ಗಳು ಸಲೀಸಾಗಿ ಹೋದವು. ಯಾವುದಾದರೂ ಅಪರಾಧ?

“ಹೌದು” ಎಂದರು ರಾಯರು.

ಕೀಲಿಮಣೆಯ ಸದ್ದು ನಿಂತಿತು. ಯಾವಾಗ ಎಂದು ಕೇಳಿದಳು. ಹನ್ನೊಂದು ದಿನದ ಹಿಂದೆ, ಶನಿವಾರ, ಹನ್ನೊಂದು ಹತ್ತಕ್ಕೆ. ಯಾವ ಅಪರಾಧ? ರಾಯರು ಹೇಳಿದರು. ಇನ್ನೊಮ್ಮೆ ಹೇಳಿ ಎಂದಳು. ಅವರು ಹೇಳಿ, ಬೀದಿಯ ನಕ್ಷೆಯನ್ನು ಮುಂದಿಟ್ಟರು. ಬೂಟುಗಳಿದ್ದ ಜಾಗ ಕೆಂಪು ಶಾಯಿಯಲ್ಲಿತ್ತು. ಅದರ ಕೆಳಗೆ ಘಟನೆಯ ವರದಿ, ವರದಿಯ ಕೆಳಗೆ ಪತ್ರ.

ಅದು ಬೇರೆಯವರ ಮನೆ ಎಂದು ಗೊತ್ತಿತ್ತೇ ಎಂದು ಅವಳು ವಿಚಾರಿಸಿದಳು. ಗೊತ್ತಿರಲಿಲ್ಲ. ಗೊತ್ತಾದ ಕೂಡಲೇ ಹೊರಗೆ ಹೋದಿರಾ? ಇಡೀ ವರದಿಯಲ್ಲಿ ಅವರನ್ನು ಬಾಧಿಸಿದ್ದು ಇದೊಂದೇ ಸಾಲು. ಇಲ್ಲ, ಇಪ್ಪತ್ತು ನಿಮಿಷ ಇದ್ದೆ, ಪದವನ್ನು ಬಿಡಿಸುತ್ತಿದ್ದೆ ಎಂದರು ರಾಯರು. ಹೋಗಿ ಎಂದು ಅವರು ಹೇಳಲಿಲ್ಲವೇ? ಇಲ್ಲ, ಕೇಕ್ ಕೊಟ್ಟರು. ತಿಂದಿರಾ? ಎರಡು ತುಂಡು. ಮತ ಹಾಕಿದ್ದೀರಾ ಎಂಬ ಪ್ರಶ್ನೆಗೂ ಹೌದು, ಎಂಟನೆಯ ಕೈ ನನ್ನದು ಎಂದರು.

ಅವಳು ಕಾಗದಗಳನ್ನೆಲ್ಲ ಎತ್ತಿಕೊಂಡು ಮೇಲಧಿಕಾರಿಯ ಕೋಣೆಗೆ ಹೋದಳು. ಹನ್ನೆರಡು ನಿಮಿಷ. ಗೋಡೆಯಾಚೆಯಿಂದ ಮೊದಲು ಏನೂ ಕೇಳಿಸಲಿಲ್ಲ, ಆಮೇಲೆ ಯಾರೋ ಕೆಮ್ಮಿದಂತೆ ಕೇಳಿಸಿತು. ಅದು ಕೆಮ್ಮಲ್ಲ, ನಗು ಎಂಬುದು ರಾಯರಿಗೆ ತಿಳಿಯಲಿಲ್ಲ. ಹದಿನೇಳು ಮತ್ತು ಐದು ಇಪ್ಪತ್ತೆರಡು ಎಂದು ಅವರು ಮನಸ್ಸಿನಲ್ಲೇ ನಾಲ್ಕು ಸಲ ಕೂಡಿದರು.

ತಿರುಗಿ ಬಂದವಳು, ಗೊತ್ತಿಲ್ಲದೆ ತಪ್ಪು ಮನೆಗೆ ಹೋಗುವುದು ಅಪರಾಧವಲ್ಲ, ತೀರ್ಥಕ್ಕೆ ಕೈ ಚಾಚುವುದು ಮತದಾನವೂ ಅಲ್ಲ, ನಿಮ್ಮ ಎರಡೂ ಉತ್ತರ ‘ಇಲ್ಲ’ ಎಂದಳು. ಹಾಗಾದರೆ ತಿದ್ದುಪಡಿಗೆ ರುಜು ಹಾಕಬೇಕು ಎಂದರು ರಾಯರು. ಇಲ್ಲವೆಂಬುದು ಇಲ್ಲವೆಂದೇ ಇದೆ, ತಿದ್ದಲು ಏನಿದೆ ಎಂದಳು. ಹೌದೆಂದು ಹೇಳಿ ಹಿಂದೆಗೆದುಕೊಂಡದ್ದು ದಾಖಲಾಗಬೇಡವೇ ಎಂದರು. ಕೊನೆಗೆ ಅವಳು ಅಂಚಿನಲ್ಲಿ ಜಾಗ ಕೊಟ್ಟಳು, ಅವರು ಅ.ನಾ. ಎಂದು ಬರೆದು ಹಗುರಾದರು.

ಉಳಿದದ್ದು ಪೌರಜ್ಞಾನದ ಪರೀಕ್ಷೆ. ಧರ್ಮದ ಸ್ವಾತಂತ್ರ್ಯ ಎಂದರೇನು ಎಂಬ ಪ್ರಶ್ನೆ ಬಂತು, ಅದರಲ್ಲಿ ಇಂಗ್ಲಿಷಿನ ಫ್ರೀಡಂ ಇತ್ತು. ರಾಯರು ಹೆಂಡತಿಯ ಪಾಠವನ್ನು ನೆನೆದರು, ತುಟಿ ಕಚ್ಚಿದರು, ಆಗಲಿಲ್ಲ. ಮೇಡಂ, ಆ ಫ್ರೀ ಮತ್ತು ಈ ಫ್ರೀಡೆ ಒಡಹುಟ್ಟಿದವು ಎಂದು ಶುರುಮಾಡಿಬಿಟ್ಟರು. ಯಾರು ನಮ್ಮವರೋ, ಪ್ರಿಯರೋ, ಅವರೇ ಫ್ರೀ, ದಾಸರು ಹೊರಗಿನವರು. ಅವಳು ಐದು ನಿಮಿಷ ಕೇಳಿ, ಇದು ಉತ್ತರಗಳ ಪಟ್ಟಿಯಲ್ಲಿಲ್ಲ ಎಂದು ಆ ಪ್ರಶ್ನೆಯನ್ನು ತಪ್ಪೆಂದು ಗುರುತಿಸಿದಳು. ಉಳಿದವೆಲ್ಲ ಸರಿಯಾದವು. ಅರ್ಜಿ ಮಂಜೂರಾಯಿತು. ಹೊರಡುವಾಗ ಅವಳು ಹಳದಿ ಚೀಟಿಯೊಂದರಲ್ಲಿ ಆ ಪದವನ್ನು ಬರೆಸಿಕೊಂಡು ಪರದೆಯ ಅಂಚಿಗೆ ಅಂಟಿಸಿದಳು.

ರಾಯರು ಹೊರಗೆ ಬರುತ್ತಲೇ ವಸಂತಲಕ್ಷ್ಮಿಯನ್ನು ಒಳಗೆ ಕರೆದರು, ಅದೇ ಮಿಸ್ ರೊಸಾರಿಯೊ. ಹತ್ತು ನಿಮಿಷದ ಕೆಲಸ ಎಂದುಕೊಂಡರು ರಾಯರು. ಇಪ್ಪತ್ತಾಯಿತು. ಆ ಮೇಲಧಿಕಾರಿ ಎದ್ದು ಆ ಕೋಣೆಗೆ ಹೋದದ್ದು ಬಾಗಿಲಿನ ಗಾಜಿನಲ್ಲಿ ಕಂಡಿತು. ಮೂವತ್ತೈದಾಯಿತು. ತಮ್ಮ ಅಪರಾಧವನ್ನು ಹೆಂಡತಿಯ ಕಡತಕ್ಕೂ ಅಂಟಿಸಿದರೇನೋ ಎಂದು ರಾಯ‌ರಿಗೆ ಮೊದಲ ಬಾರಿಗೆ ನಿಜವಾಗಿ ಹೆದರಿಕೆಯಾಯಿತು. ಪದವನ್ನು ಮನಸ್ಸಿನಲ್ಲೇ ಬೈದುಕೊಂಡರು. ಭಾವನಾಳಿಗೆ ಫೋನ್ ಮಾಡಲು ಹೊರಟಾಗ ಬಾಗಿಲು ತೆರೆಯಿತು. ವಸಂತಲಕ್ಷ್ಮಿ ಕಣ್ಣೊರೆಸಿಕೊಳ್ಳುತ್ತ ಬಂದರು. ಹಿಂದೆ ಇಬ್ಬರು ಅಧಿಕಾರಿಗಳೂ ಕಣ್ಣೊರೆಸಿಕೊಳ್ಳುತ್ತಿದ್ದರು.

“ಏನಾಯ್ತು?”

“ಪಾಸು.”

“ಮತ್ತೆ ಇಷ್ಟು ಹೊತ್ತು?”

“ಎಲ್ಲಾ ನಿಮ್ಮಿಂದ. ಆ ಹುಡುಗಿ ಹಳದಿ ಚೀಟಿ ನೋಡ್ಕೊಂಡು ಆ ಹಾಳು ಪದಾನ ಹೇಳಿದ್ಳು, ನೀವೂ ಮಾಡಿದೀರಾ ಅಂದ್ಳು. ಸುಮ್ನೆ ತಮಾಷೆಗೆ. ಆದ್ರೆ ನಾನು ಕೈ ಎತ್ತಿ ಪ್ರಮಾಣ ಮಾಡಿದೀನಲ್ಲ ರೀ, ಸುಳ್ಳು ಹೇಳಕ್ಕಾಗತ್ತಾ?”

“ಅಂದ್ರೆ?”

“ಮೂರು ಸಲ.”

ರಾಯರು ಕುರ್ಚಿಯ ಮೇಲೆ ಕೂತರು. ಇಪ್ಪತ್ತೆರಡು ವರ್ಷದಲ್ಲಿ ದಾಖಲಾಗದ ಮೂರು ಪ್ರವೇಶಗಳು. ಜೇಬಿನಿಂದ ಪೆನ್ನು ತೆಗೆದು, ಯಾರ ಮನೆ ಎಂದು ಕೇಳಿದರು.

“ಒಂದು ತೆಲುಗಿನವರದು, ಒಂದು ಗುಜರಾತಿಗಳದು, ಎರಡ್ರಲ್ಲೂ ಬಾಗಿಲಿಂದಾನೇ ವಾಪಸ್ ಬಂದೆ. ಮೂರನೇದು ಯಾರದು ಅಂತ ಇವತ್ತಿಗೂ ಗೊತ್ತಿಲ್ಲ. ಎಲೆ ಹಾಕಿದ್ರು, ಊಟ ಮಾಡ್ದೆ, ಎರಡನೇ ಪಂಕ್ತಿಗೆ ಹುಳಿ ಬಡಿಸ್ದೆ. ಹೊರಡೋವಾಗ ಕುಂಕುಮ ಇಟ್ಟು ರವಿಕೆ ಕಣ ಕೊಟ್ರು.” ಆಕೆ ಸೆರಗನ್ನು ಭುಜದ ಮೇಲೆ ಎಳೆದುಕೊಂಡು ದನಿ ತಗ್ಗಿಸಿದರು. “ಈಗ ಹಾಕ್ಕೊಂಡಿದೀನಲ್ಲ, ಅದೇ.”